17ರ ಪಾನಾ, 19ರ ಬೋಲ್ಟು

ಜಿಪ್ಸಿಯ ಹಿಂದಿನ ಎಡಚಕ್ರದ ಕಡೆಯಿಂದ ‘ಟಕ್’ ಅಂತ ಸದ್ದು ಬರಲು ಶುರುವಾಗಿ ವರ್ಷದ ಮೇಲಾಗಿತ್ತು. ತೋಟದ ಮೋರಿ ದಾಟುವಾಗ ಒಂದು ಟಕ್, ನಮ್ಮ ಕೊಡಗಿನ ಮಾದಾಪುರ ಪೇಟೆಯ ಹಂಪಿನಲ್ಲಿ ಎರಡು. ಮನೆಯವಳಿಗೆ ಕೇಳುತ್ತಿತ್ತು, ಮಗನಿಗೆ ಕೇಳುತ್ತಿತ್ತು, ಕಿವಿ ಮಂದವಾಗಿರುವ ಅಪ್ಪನಿಗೂ ಕೇಳುತ್ತಿತ್ತು. ನನಗೆ ಮಾತ್ರ ಕೇಳುತ್ತಿರಲಿಲ್ಲ. ಹಳೇ ಗಾಡಿ ಇಟ್ಟುಕೊಂಡವನಿಗೆ ತಾನಾಗಿಯೇ ಒಲಿಯುವ ವಿದ್ಯೆ ಇದು. ಯಾವ ಸದ್ದಿಗೆ ದುಡ್ಡು ಬಿಚ್ಚಬೇಕಾಗುತ್ತದೋ ಅದೊಂದು ಕಿವಿಗೆ ಬೀಳುವುದಿಲ್ಲ.

ಕಿವಿ ತೆರೆಸಿದ್ದು ಆರ್‌ಸಿ. ನಮ್ಮದು 1999ರ ಸೆಪ್ಟೆಂಬರಿನಲ್ಲಿ ಅಪ್ಪ ಹೊಸದಾಗಿ ತಂದ ಮಾರುತಿ ಜಿಪ್ಸಿ. 1.3 ಲೀಟರಿನ ಕಾರ್ಬುರೇಟರ್ ಇಂಜಿನ್ನು, ಕೆಎ 12 ನಂಬರು. ಹೊಸ ಗಾಡಿಗೆ 15 ವರ್ಷದ ಆರ್‌ಸಿ, ಆಮೇಲೆ ಐದೈದು ವರ್ಷಕ್ಕೊಮ್ಮೆ ಮಡಿಕೇರಿಯ ಆರ್‌ಟಿಓಗೆ ಹೋಗಿ ಗಾಡಿ ತೋರಿಸಿ ನವೀಕರಿಸಿಕೊಳ್ಳಬೇಕು. 2014ರಲ್ಲಿ ಆಯಿತು, 2019ರಲ್ಲಿ ಆಯಿತು, 2024ರ ಸೆಪ್ಟೆಂಬರಿಗೆ ಮತ್ತೆ ಬಂದು ಕೂತಿತು. ಕಳೆದ ಸಲ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಗಿತ್ತು. ಅಷ್ಟು ದುಡ್ಡು ಕಟ್ಟಿ, ಟಕ್ ಟಕ್ ಅನ್ನುವ ಗಾಡಿಯನ್ನು ಇನ್‌ಸ್ಪೆಕ್ಟರ ಮುಂದೆ ಓಡಿಸುವುದು ಹೇಗೆ?

ಬುಶ್ ಹೋಗಿದೆ ಅಂತ ಗೊತ್ತಿತ್ತು. ಜಿಪ್ಸಿಗೆ ನಾಲ್ಕೂ ಮೂಲೆಯಲ್ಲಿ ಲಾರಿಯ ಹಾಗೆ ಪ್ಲೇಟ್ ಸೆಟ್ಟು, ಅಂದರೆ ಪ್ಲೇಟಿನ ಮೇಲೆ ಪ್ಲೇಟು ಜೋಡಿಸಿದ ಸ್ಪ್ರಿಂಗು. ಉದ್ದದ ಪ್ಲೇಟಿನ ಎರಡೂ ತುದಿಯನ್ನು ಸುರುಳಿ ಸುತ್ತಿ ಕಣ್ಣು ಮಾಡಿರುತ್ತಾರೆ. ಕಣ್ಣಿನೊಳಗೆ ರಬ್ಬರಿನ ಬುಶ್, ಬುಶ್ಶಿನೊಳಗೆ ಕಬ್ಬಿಣದ ಕೊಳವೆ, ಕೊಳವೆಯೊಳಗೆ ಬೋಲ್ಟು. ಹಿಂಚಕ್ರದ ಪ್ಲೇಟಿನಲ್ಲಿ ಮುಂದಿನ ಕಣ್ಣು ಚಾಸಿಯ ಬ್ರಾಕೆಟ್ಟಿನಲ್ಲಿ ಭದ್ರವಾಗಿ ಕೂರುತ್ತದೆ. ಹಿಂದಿನದು ಶಾಕಲ್ ಅನ್ನುವ ತೂಗುಕೊಂಡಿಯಲ್ಲಿ ತೂಗಾಡುತ್ತದೆ, ಭಾರ ಬಿದ್ದು ಪ್ಲೇಟು ನೆಟ್ಟಗಾದಾಗ ಉದ್ದ ಹೆಚ್ಚುವುದಕ್ಕೆ ಜಾಗ ಬೇಕಲ್ಲ, ಅದಕ್ಕೆ. ರಬ್ಬರು ಸವೆದರೆ ಕಬ್ಬಿಣ ಕಬ್ಬಿಣಕ್ಕೆ ಹೊಡೆಯುತ್ತದೆ. ಹಳೇ ಬೋಲ್ಟು ಎಳೆ, ಹಳೇ ರಬ್ಬರು ತಳ್ಳು, ಹೊಸದು ತುರುಕು, ಬೋಲ್ಟು ಹಾಕು. ಹೇಳುವುದಕ್ಕೆ ಇಷ್ಟೇ. ಒಂದು ಭಾನುವಾರದ ಕೆಲಸ ಅಂದುಕೊಂಡೆ.

ಹಾಗೆ ಅಂದುಕೊಳ್ಳಲು ನನಗೆ ಹಕ್ಕಿರಲಿಲ್ಲ. ಹಿಂದೊಮ್ಮೆ ಸೈಲೆನ್ಸರ್ ಸದ್ದು ಅಂತ ಹೋಗಿ ಇಂಜಿನ್ನಿನ ಹೊಗೆ ಹೊರಹಾಕುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಒಂದು ಸ್ಟಡ್ಡನ್ನು (ತಲೆಯಿಲ್ಲದ ಬೋಲ್ಟು) ಮುರಿದುಕೊಂಡಿದ್ದೆ. ಉಕ್ಕಿನ ಸ್ಟಡ್ಡು, ಅಲ್ಯೂಮಿನಿಯಂ ಹೆಡ್ಡು, ವರ್ಷಗಟ್ಟಲೆ ಕಾದು ತಣ್ಣಗಾಗಿ ಎರಡೂ ಒಂದೇ ಜೀವವಾಗಿದ್ದವು. ಸುಂಟಿಕೊಪ್ಪದ ವೆಲ್ಡಿಂಗ್ ಹುಡುಗ ಉಳಿದ ಮೊಂಡಿನ ಮೇಲೆ ಒಂದು ನಟ್ಟು ಇಟ್ಟು, ನಡುವೆ ವೆಲ್ಡ್ ತುಂಬಿ, ಅದು ಕೆಂಪಗಿರುವಾಗಲೇ ಪಾನಾ ಹಾಕಿ ತಿರುಗಿಸಿ ತೆಗೆದುಕೊಟ್ಟ. ಮೂರನೇ ಸಲಕ್ಕೆ ಬಂತು. ಗ್ಯಾಸ್ಕೆಟ್ ಬದಲಿಸುವ ಎರಡು ಗಂಟೆಯ ಕೆಲಸಕ್ಕೆ ಎರಡು ದಿನ. ಆವತ್ತು ನಾನು ಬುದ್ಧಿ ಕಲಿಯಬೇಕಿತ್ತು. ಕಲಿತದ್ದು ಧೈರ್ಯ.

ಇನ್ನೊಂದು ಮಾತು. ಹಳೇ ಗಾಡಿ ಬಿಚ್ಚುವುದೆಂದರೆ ಕಂಪನಿಯವರು ಕಟ್ಟಿದ್ದನ್ನು ಬಿಚ್ಚುವುದಲ್ಲ. ಮೊದಲು ಬಿಚ್ಚಿದವರೆಲ್ಲ ಏನು ಮಾಡಿಟ್ಟಿದ್ದಾರೋ ಅದನ್ನು ಬಿಚ್ಚುವುದು. ನಮ್ಮ ಜಿಪ್ಸಿಯ ಡ್ಯಾಶ್‌ಬೋರ್ಡ್ ಕೆಳಗೆ ನೀಲಿ ವೈರೊಂದು ಅರ್ಧದಾರಿಯಲ್ಲಿ ಕೆಂಪಾಗುತ್ತದೆ, ಮುಂದೆ ಹೋಗಿ ಮನೆಯ ಕರೆಂಟಿನ ಬಿಳಿ ವೈರಾಗುತ್ತದೆ. ಏರ್ ಫಿಲ್ಟರ್ ಮುಚ್ಚಳದ ಒಂದು ವಾಶರ್ ಸೈಕಲ್ ಟ್ಯೂಬಿನಲ್ಲಿ ಕತ್ತರಿಸಿದ್ದು, ಅದು ಅಪ್ಪನ ಕೈವಾಡ. ಇಂಥದ್ದು ಸಿಕ್ಕಾಗಲೆಲ್ಲ ಮಾಡಿದವನಿಗೆ ಒಂದಿಷ್ಟು ಬೈಗುಳ ಸಲ್ಲಿಸಿಯೇ ನಾನು ಮುಂದೆ ಹೋಗುವುದು.

ಜುಲೈ 28, ಭಾನುವಾರ. ಕಾಫಿ ಕಣದ ಪಕ್ಕದ ಶೆಡ್ಡಿಗೆ ಗಾಡಿ ಒಳಗೆ ಹಾಕಿ, ಜಾಕಿ ಎತ್ತಿ, ಚಾಸಿಯ ಕೆಳಗೆ ಸಿಲ್ವರ್ ಓಕಿನ ಎರಡು ದಪ್ಪ ದಿಮ್ಮಿ ನಿಲ್ಲಿಸಿದೆವು. ಬರೀ ಜಾಕಿ ನಂಬಿ ಅಡಿಗೆ ನುಗ್ಗುವ ಶೌರ್ಯ ನನಗಿಲ್ಲ. ಹೊರಗೆ ಮಳೆ ಅಂದರೆ ಮಳೆ. ಶೀಟಿನ ಮೇಲೆ ಬೀಳುವ ಸದ್ದಿಗೆ ಎದುರಿಗಿದ್ದವನ ಮಾತು ಕೇಳುವುದಿಲ್ಲ. ಪಿಯುಸಿ ಓದುವ ಮಗನ ಕೈಯಲ್ಲಿ ಟಾರ್ಚ್ ಕೊಟ್ಟೆ. ಅವನು ಟಾರ್ಚನ್ನು ತಾನು ನೋಡುವ ಕಡೆಗೆ ಹಿಡಿಯುತ್ತಾನೆಯೇ ಹೊರತು ನಾನು ನೋಡುವ ಕಡೆಗಲ್ಲ. ನಾನೂ ಅವನ ವಯಸ್ಸಿನಲ್ಲಿ ಹಾಗೇ ಹಿಡಿಯುತ್ತಿದ್ದೆ ಅಂತ ಅಪ್ಪ ಜಗಲಿಯಿಂದಲೇ ಸಾಕ್ಷಿ ಹೇಳಿದರು.

ಬಲಗಡೆಯಿಂದ ಶುರು ಮಾಡಿದೆ. 17ರ ರಿಂಗ್ ಪಾನಾ, ಉದ್ದದ ಪೈಪು, ಒಂದು ಕಿರ್ರ್, ನಟ್ಟು ಬಂತು. ತಾಮ್ರದ ತುಂಡು ಇಟ್ಟು ಎರಡೇಟು ಹೊಡೆದೆ, ಬೋಲ್ಟು ಜಾರಿತು. ಒಂದೂಕಾಲು ಗಂಟೆಯಲ್ಲಿ ಬಲಗಡೆಯ ಹೊಸ ಬುಶ್ಶುಗಳು ಕೂತವು. ಮನೆಯವಳು ಕಾಫಿ ತಂದಾಗ ‘ಊಟದ ಹೊತ್ತಿಗೆ ಮುಗಿಯುತ್ತೆ’ ಅಂದೆ. ಅವಳು ಏನೂ ಅನ್ನದೆ ಲೋಟ ಇಟ್ಟು ಹೋದಳು.

ಎಡಗಡೆ ಮುಂದಿನ ಬೋಲ್ಟಿಗೆ 17 ಕೂರಲಿಲ್ಲ. ಮಣ್ಣು ಕೆರೆದು ನೋಡಿದರೆ ತಲೆ ದೊಡ್ಡದು, 19. ಇರಲಿ ಬಿಡು ಅಂದುಕೊಂಡೆ. ಅಲ್ಲೇ ಒಂದು ಕ್ಷಣ ನಿಂತು ಯೋಚಿಸಿದ್ದರೆ ಆಗುತ್ತಿತ್ತು.

ನಟ್ಟು ಬಂತು, ಅದೂ ಸಲೀಸಾಗಿ. ಬೋಲ್ಟು ಬರಲಿಲ್ಲ. ತಲೆಗೆ ಪಾನಾ ಹಾಕಿ ಪೈಪಿನ ಮೇಲೆ ಭಾರ ಬಿಟ್ಟೆ. ತಿರುಗಿತು! ‘ಬಂತಪ್ಪಾ, ಬಂತು!’ ಅಂತ ಮಗ ಕೂಗಿದ. ಕಾಲು ಸುತ್ತು ಹೋಗಿ ಕೈ ಸಡಿಲಿಸಿದರೆ ಪಾನಾ ತಾನಾಗಿ ಹಿಂದಕ್ಕೆ ಬಂದು ಮೊದಲಿದ್ದಲ್ಲೇ ನಿಂತಿತು. ಇನ್ನೊಮ್ಮೆ ತಿರುಗಿಸಿದೆ, ಇನ್ನೊಮ್ಮೆ ವಾಪಸ್ಸು. ಗೋಡೆ ಗಡಿಯಾರದ ಲೋಲಕದ ಹಾಗೆ. ತಿರುಗುತ್ತಿದ್ದದ್ದು ಬೋಲ್ಟಲ್ಲ. ಬೋಲ್ಟು ಕೊಳವೆಗೆ ತುಕ್ಕಿನಲ್ಲಿ ಅಂಟಿಕೊಂಡು, ಎರಡೂ ಸೇರಿ ಸುತ್ತಲಿನ ರಬ್ಬರನ್ನು ತಿರುಚುತ್ತಿದ್ದವು. ರಬ್ಬರು ತನ್ನ ಧರ್ಮದಂತೆ ವಾಪಸ್ ತರುತ್ತಿತ್ತು. ಸತ್ತುಹೋಗಿದೆ ಅಂತ ಯಾವ ರಬ್ಬರನ್ನು ಬದಲಿಸಲು ಹೊರಟಿದ್ದೆನೋ, ಅದಕ್ಕೆ ನನ್ನನ್ನು ಆಟವಾಡಿಸುವಷ್ಟು ಜೀವ ಇನ್ನೂ ಇತ್ತು.

ಹೊಡೆದೆ. ಮೊದಲು ಸಣ್ಣ ಸುತ್ತಿಗೆ, ಆಮೇಲೆ ಕಲ್ಲು ಒಡೆಯುವುದು. ನಟ್ಟನ್ನು ತುದಿಗೆ ಸಮವಾಗಿ ಹಾಕಿಕೊಂಡು ಅದರ ಮೇಲೆ ಹೊಡೆಯಬೇಕು, ಆಗ ಬೋಲ್ಟಿನ ಮರೆ, ಅಂದರೆ ತಿರುಪಿನ ಗೆರೆ, ಉಳಿಯುತ್ತದೆ. ಇದು ನನಗೆ ಗೊತ್ತು. ಸಿಟ್ಟು ಬಂದವನಿಗೆ ಗೊತ್ತಿರುವುದು ಯಾವುದು ಉಪಯೋಗಕ್ಕೆ ಬರುತ್ತದೆ? ಹತ್ತು ಏಟಿಗೆ ಬೋಲ್ಟಿನ ತುದಿ ಅಣಬೆಯಾಗಿ ಅರಳಿತು. ಇನ್ನು ಅದು ಆ ತೂತಿನಲ್ಲಿ ಹಿಂದೆ ಬರುವ ಮಾತೇ ಇಲ್ಲ.

ಡೀಸೆಲಿನಲ್ಲಿ ನೆನೆಸಿದ ಬಟ್ಟೆ ಸುತ್ತಿ ರಾತ್ರಿಗೆ ಬಿಟ್ಟೆ. ಬಿಡುವ ಮುಂಚೆ ಒಳಬದಿಗೆ ಟಾರ್ಚ್ ಹಿಡಿದು ನೋಡಿದಾಗ ಚಕ್ರದ ಡ್ರಮ್ಮಿನ ಹಿಂದೆ ಹಸಿಯಾದ ಒಂದು ಗೆರೆ ಕಂಡಿತು. ಬೆರಳಲ್ಲಿ ಮುಟ್ಟಿದೆ, ಮೂಸಿದೆ. ಬ್ರೇಕ್ ಆಯಿಲ್. ಚಕ್ರದೊಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಸೋರುತ್ತಿದೆ. ಹೀಗೇ ಆಗುವುದು. ಅಡಿಗೆ ಹೋದವನು ಒಂದೇ ಕಾಯಿಲೆ ನೋಡಿಕೊಂಡು ಎದ್ದು ಬಂದ ಉದಾಹರಣೆ ನಮ್ಮ ಶೆಡ್ಡಿನಲ್ಲಿ ಇಲ್ಲ.

ಇಷ್ಟು ತುಕ್ಕು ಎಲ್ಲಿಂದ ಬಂತು ಅಂತ ಪೇಟೆಯವರು ಕೇಳುತ್ತಾರೆ. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಗಾಡಿಯ ಅಡಿಭಾಗ ಒಣಗುವುದೇ ಇಲ್ಲ. ಬ್ರಾಕೆಟ್ಟಿನ ಸಂದಿಯಲ್ಲಿ ಕೂತ ಕೆಂಪು ಮಣ್ಣು ಒದ್ದೆ ಗೋಣಿಯ ಹಾಗೆ ನೀರು ಹಿಡಿದುಕೊಂಡಿರುತ್ತದೆ. ಅದರ ಮೇಲೆ ನಾವು ಮಾಡುವ ಉಪಕಾರ. ಗೊಬ್ಬರದ ಕಾಲದಲ್ಲಿ ಪೊಟ್ಯಾಷ್ ಮೂಟೆ ಹಿಂದೆ ಹಾಕುತ್ತೇವೆ. ಅದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಉಪ್ಪಿನ ತಮ್ಮ. ಮೂಟೆಯಿಂದ ಉದುರಿದ ಹರಳು ಮಳೆನೀರಿನಲ್ಲಿ ಕರಗಿ ಚಾಸಿಗೆ ಇಳಿದರೆ, ಸಮುದ್ರದ ದಡದಲ್ಲಿ ಗಾಡಿ ನಿಲ್ಲಿಸಿದಂತೆಯೇ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಮೈಲುತುತ್ತಿನ ಬ್ಯಾರಲ್ಲೂ ಇದೇ ಗಾಡಿಯಲ್ಲಿ ಹೋಗುತ್ತದೆ. ಮೈಲುತುತ್ತಿನ ನೀರು ಬರೀ ಕಬ್ಬಿಣಕ್ಕೆ ತಗುಲಿದರೆ ತಾಮ್ರ ಅದರ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ಹೋಗುತ್ತದೆ. ನಮ್ಮ ಜಿಪ್ಸಿಯ ಹಿಂದಿನ ತಳದಲ್ಲಿ ಬ್ಯಾರಲ್ ಕೂರುವ ಜಾಗದಲ್ಲಿ ಇಣುಕಿದರೆ ರಸ್ತೆ ಕಾಣುತ್ತದೆ. ಬ್ಯಾರಲ್ಲು ಯಾವಾಗಲೂ ಎಡಗಡೆಗೇ. ಯಾಕೆ ಅಂತ ಕೇಳಿದರೆ, ಬಲಗಡೆ ಅಮ್ಮನ ಹಾಲಿನ ಕ್ಯಾನು ಇಡುತ್ತಿದ್ದರಂತೆ.

ಸೋಮವಾರ ಡ್ರಮ್ಮು. ಇದೊಂದು ಕಡೆ ಕಂಪನಿಯವರಿಗೆ ಕೈ ಮುಗಿಯಬೇಕು. ಜಿಪ್ಸಿಯ ಹಿಂದಿನ ಡ್ರಮ್ಮಿನಲ್ಲಿ 8 ಎಂಎಂ ಬೋಲ್ಟು ಹಿಡಿಯುವ ಎರಡು ಮರೆ ಇರುವ ತೂತುಗಳಿವೆ. ಎರಡಕ್ಕೂ ಬೋಲ್ಟು ಹಾಕಿ, ಇದಕ್ಕರ್ಧ ಸುತ್ತು ಅದಕ್ಕರ್ಧ ಸುತ್ತು ಅಂತ ಬಿಗಿ ಮಾಡುತ್ತಾ ಹೋದರೆ ಡ್ರಮ್ಮು ತಾನಾಗಿ ಹೊರಗೆ ಬರುತ್ತದೆ. ಸುತ್ತಿಗೆ ಬೇಡ. ತೂತಿನಲ್ಲಿ ಕೂತ ಮಣ್ಣನ್ನು ಮೊಳೆಯಿಂದ ಕೆರೆಯುವುದಷ್ಟೇ ಕಷ್ಟ.

ಕಷ್ಟ ಇದ್ದದ್ದು ಅದರ ಹಿಂದೆ. ವೀಲ್ ಸಿಲಿಂಡರ್ ಬದಲಿಸಬೇಕಾದರೆ ಅದಕ್ಕೆ ಬರುವ ಸಪೂರ ಬ್ರೇಕ್ ಪೈಪನ್ನು ಬಿಡಿಸಬೇಕು. ಪೈಪಿನ ತುದಿಯಲ್ಲಿ 10ರ ಒಂದು ಪುಟ್ಟ ನಟ್ಟು. ಇಂಥ ನಟ್ಟಿಗೆ ಮುಕ್ಕಾಲು ಸುತ್ತು ಹಿಡಿಯುವ ಬೇರೆಯದೇ ಪಾನಾ ಬರುತ್ತದೆ. ಅದು ನನ್ನ ಹತ್ತಿರ ಇರಲಿಲ್ಲ. ಸಾಮಾನ್ಯ ಬಾಯಿ ಪಾನಾ ಎರಡೇ ಮೂಲೆ ಹಿಡಿಯುತ್ತದೆ, ಆ ಎರಡು ಮೂಲೆಯೂ ಒಂದೇ ಪ್ರಯತ್ನಕ್ಕೆ ಸವೆದು ಉರುಟಾದವು. ವೈಸ್‌ಗ್ರಿಪ್ ಕಚ್ಚಿಸಿದೆ. ತಿರುಗಿತು. ಈ ಸಲ ನಾನು ‘ಬಂತು’ ಅನ್ನಲಿಲ್ಲ, ಸದ್ಯ. ನಟ್ಟು ಪೈಪಿಗೆ ತುಕ್ಕು ಹಿಡಿದು ಅಂಟಿತ್ತು. ನಟ್ಟಿನ ಜೊತೆ ಪೈಪೂ ತಿರುಗಿ, ಜಡೆ ಹೆಣೆದಂತೆ ಮುರುಚಿಕೊಂಡು, ‘ಚಿಟ್’ ಅಂತ ತುಂಡಾಯಿತು. ಒಳಗಿದ್ದ ಆಯಿಲ್ ನನ್ನ ಮೊಣಕೈಯ ಉದ್ದಕ್ಕೂ ಕಂಕುಳ ತನಕ ಹರಿಯಿತು. ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ಮಳೆಯಲ್ಲಿ ಹೋಗಿ ನಿಂತು ಕೈ ತೊಳೆದೆ. ನೀರಿಗೆ ಬರವಿರಲಿಲ್ಲ.

ಪೈಪು ಸಿಗುತ್ತದೆ, ತುದಿ ಅರಳಿಸುವುದೇ ಸಮಸ್ಯೆ. ನಮ್ಮೂರಿನಲ್ಲಿ ಫ್ರಿಜ್ ರಿಪೇರಿ ಮಾಡುವ ಗೆಳೆಯನೊಬ್ಬನ ಹತ್ತಿರ ಪೈಪಿನ ಬಾಯಿ ಅರಳಿಸುವ ಸಾಧನ ಇದೆ. ಅವನು ಸಂತೋಷದಿಂದ ಮಾಡಿಯೂ ಕೊಟ್ಟ. ಮನೆಗೆ ತಂದು ಬೆಳಕಿಗೆ ಹಿಡಿದಾಗ ಅನುಮಾನ ಬಂತು. ಫ್ರಿಜ್ಜಿನ ತಾಮ್ರದ ಪೈಪಿಗೆ ಒಂದೇ ಪದರ ಅರಳಿಸಿದರೆ ಸಾಕು. ಬ್ರೇಕಿನ ಉಕ್ಕಿನ ಪೈಪಿಗೆ ಅಂಚನ್ನು ಒಳಕ್ಕೆ ಮಡಚಿ ಎರಡು ಪದರ ಮಾಡಬೇಕು. ಒಂದೇ ಪದರವಾದರೆ ಅಂಚು ಸೀಳುತ್ತದೆ, ಗಟ್ಟಿಯಾಗಿ ಪೆಡಲ್ ತುಳಿದ ದಿನವೇ ಬಿಡುತ್ತದೆ. ನಾವಿರುವುದು ಇಳಿಜಾರಿನ ಊರಿನಲ್ಲಿ. ಗೆಳೆಯನ ಮನಸ್ಸು ನೋಯಿಸದೆ ಆ ಪೈಪನ್ನು ಕೋಳಿಗೂಡಿನ ಕೊಂಡಿಯಾಗಿ ಉಪಯೋಗಿಸಿದ್ದೇನೆ.

ಮಂಗಳವಾರ ಏನೂ ನಡೆಯಲಿಲ್ಲ. ಹಿಂದಿನ ರಾತ್ರಿ ಎಲ್ಲೋ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಗಿತ್ತು. ಬೆಳಿಗ್ಗೆ ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದ ನೆಟ್‌ವರ್ಕಿನಲ್ಲಿ ವಯನಾಡಿನ ಸುದ್ದಿ ಬಂತು. ಮುಂಡಕ್ಕೈ, ಚೂರಲ್‌ಮಲೆ. ಗುಡ್ಡ ರಾತ್ರಿಯೇ ಬಂದು ಮಲಗಿದ್ದವರನ್ನು ಕೊಂಡೊಯ್ದಿತ್ತು. ಅಪ್ಪ ನನ್ನ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಮಧ್ಯಾಹ್ನ ಒಂದು ಹಿಡಿ ಅನ್ನ ಜಾಸ್ತಿಯೂ ಬೇಡ ಅಂದರು. 2018ರ ಆಗಸ್ಟಿನಲ್ಲಿ ನಮ್ಮ ಸುತ್ತ ಇದೇ ಆಗಿತ್ತು. ಮಕ್ಕಂದೂರು, ಹಟ್ಟಿಹೊಳೆ, ಆಚೆ ಕಡೆ ಜೋಡುಪಾಲ. ರಸ್ತೆಗಳೇ ಇಲ್ಲದೆ ನಮ್ಮ ಕಡೆಯಿಂದ ಮಡಿಕೇರಿ ಬೇರೆ ದೇಶವಾಗಿಬಿಟ್ಟಿತ್ತು. ಆ ದಿನ ಶೆಡ್ಡಿನ ಕಡೆಗೆ ನಾವ್ಯಾರೂ ಹೋಗಲಿಲ್ಲ.

ಬುಧವಾರ ಬಸ್ಸಿಗೆ ಕುಶಾಲನಗರ. ಗೇಟಿನ ತನಕ ಮಗ ಕೊಡೆ ಹಿಡಿದು ಬಂದ. ನಮ್ಮ ಗೇಟು ತೆಗೆಯಲು ಎರಡು ಕೈ ಬೇಕು. ಮೇಲಿನ ತಿರುಗಣೆಯಲ್ಲಿ ಬೋಲ್ಟಿಲ್ಲ, ಬೈಂಡಿಂಗ್ ವೈರ್ ಸುತ್ತಿದೆ, ಎತ್ತಿ ಹಿಡಿದು ತಳ್ಳದಿದ್ದರೆ ನೆಲ ಕೆರೆಯುತ್ತದೆ. ತೋಟದ ಕೆಲಸದವರ ಲೈನ್ ಮನೆಯ ಹುಡುಗರು ಗೇಟಿಗೆ ಜೋತುಬಿದ್ದು ಆಡಿ ಆಡಿ ಬೋಲ್ಟು ಬೀಳಿಸಿದ್ದಾರೆ ಅಂತ ನಾನು ಹೇಳಿಕೊಂಡು ಬಂದಿದ್ದೇನೆ. ಆ ಹುಡುಗರು ಈಗ ಕೆಲಸಕ್ಕೆ ಹೋಗುವಷ್ಟು ದೊಡ್ಡವರಾಗಿದ್ದಾರೆ. ಬೈಗುಳ ಹಾಗೇ ಉಳಿದಿದೆ.

ಕುಶಾಲನಗರದಲ್ಲಿ ಬ್ರೇಕ್ ಕೆಲಸ ಮಾಡುವ ಹಿರಿಯರೊಬ್ಬರು ಹಳೇ ಪೈಪಿನ ತುಂಡುಗಳನ್ನು ಜೋಡಿಸಿ ಉದ್ದ ಅಳೆದರು, ಹೊಸದನ್ನು ಕತ್ತರಿಸಿದರು, ಒಂದು ತುದಿ ಅರಳಿಸಿದರು. ತಿರುಗಿಸಿ ಇನ್ನೊಂದು ತುದಿಯನ್ನೂ ಚೆಂದವಾಗಿ ಎರಡು ಪದರ ಮಾಡಿದರು. ಆಮೇಲೆ ಮೇಜಿನ ಮೇಲೆ ನೋಡಿದರು. ನಟ್ಟು ಎರಡೂ ಅಲ್ಲೇ ಇದ್ದವು. ತುದಿ ಅರಳಿಸುವ ಮುಂಚೆ ನಟ್ಟನ್ನು ಪೈಪಿಗೆ ಪೋಣಿಸಬೇಕು, ಆಮೇಲೆ ಹೋಗುವುದಿಲ್ಲ. ನಾನು ಎದುರಿಗೇ ನಿಂತಿದ್ದೆ, ನನಗೂ ಹೊಳೆದಿರಲಿಲ್ಲ.

‘ಸಾರ್, ನೀವು ಮಾತಾಡಿಸ್ತಾ ಇದ್ರಲ್ಲ, ಅದಕ್ಕೇ’ ಅಂದರು.

ನಾನು ಮಾತಾಡಿಸುತ್ತಲೇ ಇದ್ದದ್ದು ನಿಜ. ಒಂದು ತುದಿ ಕತ್ತರಿಸಿದರೆ ಉದ್ದ ಸಾಲುವುದಿಲ್ಲ ಅಂತ ಹೊಸ ಪೈಪಿನಲ್ಲೇ ಮತ್ತೆ ಶುರು ಮಾಡಿದರು. ಮೊದಲನೆಯದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಎಡಗಡೆಯ ಬೋಲ್ಟಿಗೆ ಸ್ಪೇರ್ ಅಂಗಡಿಯಲ್ಲಿ ಕೇಳಿದೆ. ಮೈಸೂರಿನಿಂದ ತರಿಸಬೇಕು, ಶನಿವಾರ ಬಸ್ಸಲ್ಲಿ ಬರುತ್ತೆ ಅಂದರು. ಜಿಪ್ಸಿ ಮಾರುಕಟ್ಟೆಗೆ ಬಂದದ್ದು 1985ರಲ್ಲಿ, ನಿಂತದ್ದು 2019ರಲ್ಲಿ. ಅಷ್ಟು ವರ್ಷ ಬಂದ ಗಾಡಿಯಾದ್ದರಿಂದ ಇವತ್ತಿಗೂ ಬಿಡಿಭಾಗ ಸಿಗುತ್ತಿದೆ, ಹುಡುಕುವ ಕಾಲು ಗಟ್ಟಿಯಿರಬೇಕು.

ಗುರುವಾರ ಸಿಲಿಂಡರ್, ಪೈಪು ಕೂರಿಸಿ ಏರ್ ತೆಗೆಯಲು ಕೂತೆವು. ಮಗ ಪೆಡಲ್ ಮೇಲೆ, ನಾನು ಚಕ್ರದ ಹತ್ತಿರ. ಅವನು ತುಳಿದು ಹಿಡಿಯಬೇಕು, ನಾನು ನಿಪ್ಪಲ್ ಸಡಿಲಿಸಿ ಗುಳ್ಳೆ ಬಿಡಬೇಕು, ನಾನು ಬಿಗಿ ಮಾಡಿದ ಮೇಲೆಯೇ ಅವನು ಕಾಲು ಎತ್ತಬೇಕು. ಮೊದಲೇ ಎತ್ತಿದರೆ ಹೊರಗಿನ ಗಾಳಿ ಒಳಗೆ. ಮಳೆಯ ಸದ್ದಿನಲ್ಲಿ ನಾನು ‘ಹಿಡಿ’ ಅಂದರೆ ಅವನಿಗೆ ‘ಬಿಡಿ’ ಅಂತ ಕೇಳುತ್ತಿತ್ತು. ಅಪ್ಪ ತನ್ನ ಜೊತೆ ಬಹುವಚನದಲ್ಲಿ ಯಾಕೆ ಮಾತಾಡುತ್ತಾರೆ ಅಂತ ಅವನಿಗೂ ಅನ್ನಿಸಲಿಲ್ಲ. ಅರ್ಧ ಬಾಟಲಿ ಆಯಿಲ್ ಹೋದ ಮೇಲೆ ಪಾನಾದಲ್ಲಿ ಚಾಸಿಗೆ ಬಡಿಯುವುದೆಂದು ಗೊತ್ತುಮಾಡಿಕೊಂಡೆವು. ಒಂದು ಬಡಿತಕ್ಕೆ ಒತ್ತು, ಎರಡಕ್ಕೆ ಬಿಡು. ಪೆಡಲ್ ಕಲ್ಲಿನ ಹಾಗಾಯಿತು.

ಬೋಲ್ಟು ಮಾತ್ರ ಡೀಸೆಲ್ ಕುಡಿದುಕೊಂಡು ಆರಾಮವಾಗಿತ್ತು. ಸುಂಟಿಕೊಪ್ಪದಿಂದ ಪರಿಚಯದ ಮೆಕ್ಯಾನಿಕ್ ಬೈಕಿನಲ್ಲಿ ಬಂದು, ಮಳೆಕೋಟು ಬಿಚ್ಚದೆ ಬಗ್ಗಿ ನೋಡಿದ. ಗ್ಯಾಸ್‌ನಲ್ಲಿ ಕಾಯಿಸಬಹುದಾ ಅಂತ ಕೇಳಿದೆ.

‘ಬೇಡಣ್ಣ. ಪ್ಲೇಟಿನ ಕಣ್ಣು ಕೆಂಪಾಗೋ ಹಾಗೆ ಕಾಯಿಸಿದ್ರೆ ಅದರ ಹದ ಹೋಗುತ್ತೆ, ಆಮೇಲೆ ಯಾವತ್ತೋ ಒಂದಿನ ಅಲ್ಲೇ ಮುರಿಯೋದು. ಕೊಯ್ದುಬಿಡಿ. ಎರಡೂ ಕಡೆ.’

ಬ್ರಾಕೆಟ್ಟಿಗೂ ಪ್ಲೇಟಿನ ಕಣ್ಣಿಗೂ ನಡುವೆ ಇರುವ ಸಂದಿ ಆಕ್ಸೋ ಬ್ಲೇಡಿನಷ್ಟು. ಹೊರಬದಿಗೆ ಗ್ರೈಂಡರ್ ಹಿಡಿಯಬಹುದು, ಒಳಬದಿಗೆ ಚಾಸಿ ಅಡ್ಡ. ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ, ಫ್ರೇಮಿಲ್ಲದೆ ಕೈಯಲ್ಲೇ ಎಳೆಯಬೇಕು. ಶುಕ್ರವಾರ ಸಂಜೆ ಶುರು ಮಾಡಿದೆ. ಒಂದು ಸಲಕ್ಕೆ ಎರಡು ಇಂಚು ಎಳೆತ, ಕಬ್ಬಿಣದ ಪುಡಿ ನೇರ ಕಣ್ಣಿಗೆ. ಕನ್ನಡಕ ಹಾಕಿದರೆ ಮಂಜು, ತೆಗೆದರೆ ಪುಡಿ. ಅರ್ಧ ಗಂಟೆಗೆ ಉಗುರು ಕೂರುವಷ್ಟು ಗೆರೆ ಬಿತ್ತು. ಮೂರು ಬ್ಲೇಡು ಮುರಿದವು. ಬೆನ್ನಿನ ಕೆಳಗೆ ಹಾಸಿದ್ದ ಗೋಣಿಚೀಲದಡಿಯಲ್ಲಿ ನೀರು ಹರಿಯಲು ಶುರುವಾದದ್ದು ಬನಿಯನ್ ಒದ್ದೆಯಾದ ಮೇಲೆಯೇ ಗೊತ್ತಾದದ್ದು. ಜಿಗಣೆಯೂ ಒಂದು ಬಂದಿತ್ತು.

ಮರುದಿನ ಆಗಸ್ಟ್ 3, ಆಟಿ ಹದಿನೆಂಟು, ಅಂದರೆ ಆಟಿ ತಿಂಗಳ ಹದಿನೆಂಟನೇ ದಿನ. ಅಮ್ಮ ಮದ್ದುಸೊಪ್ಪಿನ ಪಾಯಸ ಮಾಡಿದ್ದರು. ಆ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಅನ್ನುತ್ತಾರೆ. ನೇರಳೆ ಬಣ್ಣದ ಪಾಯಸದ ಬಟ್ಟಲನ್ನು ನನ್ನ ಕಪ್ಪು ಕೈಗೆ ಕೊಡಲು ಅವರಿಗೆ ಮನಸ್ಸಾಗಲಿಲ್ಲ. ಸೋಪಿನ ಪುಡಿ, ಸಕ್ಕರೆ, ಕೊನೆಗೆ ಒಲೆಬೂದಿ ಹಾಕಿ ಉಜ್ಜಿದರೂ ಗೆರೆಗಳು ಹೋಗಲಿಲ್ಲ. ಆ ದಿನಕ್ಕೆ ಕಬ್ಬಿಣ ಮುಟ್ಟಬೇಡ ಅಂದರು, ನಾನೂ ಖುಷಿಯಿಂದಲೇ ಮುಟ್ಟಲಿಲ್ಲ.

ಭಾನುವಾರ ಕರೆಂಟು ನೆಟ್ಟಗಿತ್ತು. ಹೊರಬದಿ ಗ್ರೈಂಡರ್‌ನಲ್ಲಿ ಹತ್ತು ನಿಮಿಷ. ಒಳಬದಿ ಬ್ಲೇಡಿನಲ್ಲಿ ನಾನೊಮ್ಮೆ ಮಗನೊಮ್ಮೆ, ಮಧ್ಯಾಹ್ನ ಮೂರರ ತನಕ. ಕೊನೆಯ ಎಳೆತದಲ್ಲಿ ಪ್ಲೇಟು ‘ಧಡ್’ ಅಂತ ಕೆಳಗೆ ಬಿತ್ತು. ಕಣ್ಣಿನಿಂದ ರಬ್ಬರನ್ನು ಚಾಕುವಿನಲ್ಲಿ ಸೀಳಿ, ನಡುವಿನ ತುಂಡನ್ನು ಹೊರಗೆ ತಟ್ಟಿದೆ. ಕೊಳವೆ, ಅದರೊಳಗೆ ಬೋಲ್ಟು, ನಡುವೆ ತುಕ್ಕು. ಮೂರೂ ಸೇರಿ ಒಂದು ಘನ ಕಬ್ಬಿಣ.

ಬೆಳಕಿಗೆ ತಂದು ನೋಡಿದೆ. ಕಂಪನಿಯ ಬೋಲ್ಟಿಗೆ ತುದಿಯಲ್ಲಿ ಮಾತ್ರ ಮರೆ, ಕೊಳವೆಯೊಳಗೆ ಇರುವ ಭಾಗ ನುಣುಪು. ಇದಕ್ಕೆ ತಲೆಯಿಂದ ತುದಿಯ ತನಕ ಮರೆ. ಅದೂ ಸಾಮಾನು ಅಂಗಡಿಯಲ್ಲಿ ತೂಕಕ್ಕೆ ಸಿಗುವ ಮೆದು ಕಬ್ಬಿಣದ್ದು. ಪ್ರತಿ ಮರೆಯ ಸಂದಿಯಲ್ಲೂ ನೀರು ನಿಂತು ತುಕ್ಕು ತುಂಬಿ, ಕೊಳವೆಗೆ ಹಲ್ಲು ಹಿಡಿದ ಹಾಗೆ ಕಚ್ಚಿಕೊಂಡಿತ್ತು. ಡೀಸೆಲ್ ಯಾಕೆ ಒಳಗೆ ಇಳಿಯಲಿಲ್ಲ ಅನ್ನುವುದೂ ತಿಳಿಯಿತು, 19ರ ತಲೆ ಯಾಕೆ ಅನ್ನುವುದೂ ತಿಳಿಯಿತು. ಇದು ಜಿಪ್ಸಿಯ ಬೋಲ್ಟೇ ಅಲ್ಲ.

ಬೈಯಲು ಶುರು ಮಾಡಿದೆ. ಯಾವ ಬೇವಾರ್ಸಿ ಹಾಕಿದ ಇದನ್ನು, ಸಂಬಳ ತೆಗೆದುಕೊಂಡು ಕೆಲಸ ಮಾಡುವವನಿಗೆ ಒಂದು ಬೋಲ್ಟು ಸರಿಯಾಗಿ ನೋಡಿ ಹಾಕಲು ಏನು ರೋಗ, ಇವರಿಂದಲೇ ಗಾಡಿಗಳು ಹಾಳಾಗುವುದು. ಇನ್ನೂ ಹೇಳುವುದಿತ್ತು. ಅಪ್ಪ ಜಗಲಿಯಿಂದ ಇಳಿದು, ಕೋಲೂರಿಕೊಂಡು ಕಣ ದಾಟಿ ಬಂದು, ಆ ತುಂಡನ್ನು ಕೈಯಲ್ಲಿ ತೆಗೆದುಕೊಂಡು ತಿರುಗಿಸಿ ನೋಡಿದರು.

‘ಇದು ಗೇಟಿಂದಲ್ವಾ?’

ನನಗೆ ಅರ್ಥವಾಗಲಿಲ್ಲ.

‘ಗೇಟಿನ ಮೇಲಿನ ಬೋಲ್ಟು ಕಣೋ. ಚಿಕ್ಕಮ್ಮನ ಮನೆಯವರನ್ನ ಹಟ್ಟಿಹೊಳೆ ಕಡೆಯಿಂದ ಕರ್ಕೊಂಡು ಬಂದ್ಯಲ್ಲ, ಆ ರಾತ್ರಿ. ನೀನೇ ಹಾಕಿದ್ದು. ಟಾರ್ಚ್ ಹಿಡ್ದಿದ್ದು ನಾನು.’

ಬಂತು, ಒಂದೊಂದಾಗಿ ಬಂತು. ಹಿಂದೆ ಏಳು ಜನ, ಎರಡು ಟ್ರಂಕು, ಒಂದು ನಾಯಿ. ಕೆಸರಿನಲ್ಲಿ ಗಾಡಿ ಒಂದು ಕಡೆಗೆ ಎಳೆಯುತ್ತಿತ್ತು. ಮನೆಗೆ ಬಂದು ಅಡಿಗೆ ನೋಡಿದರೆ ನಟ್ಟು ಎಲ್ಲೋ ಬಿದ್ದು, ಬೋಲ್ಟು ಅರ್ಧ ಹೊರಗೆ ಬಂದು ಬಗ್ಗಿಹೋಗಿತ್ತು. ಬೆಳಿಗ್ಗೆ ಮತ್ತೆ ಹೋಗಬೇಕಿತ್ತು, ಇನ್ನೂ ಜನ ಇದ್ದರು. ಕರೆಂಟಿಲ್ಲ, ಫೋನಿಲ್ಲ, ಅಂಗಡಿ ಎಲ್ಲಿಂದ? ಆ ಅಳತೆಯ ಬೋಲ್ಟು ಕಣ್ಣಿಗೆ ಕಂಡದ್ದು ಗೇಟಿನಲ್ಲಿ. ‘ನಾಳೆಗೊಂದು ದಿನಕ್ಕೆ’ ಅಂತ ಹಾಕಿದೆ. ಗೇಟಿಗೆ ವೈರ್ ಸುತ್ತಿದವನೂ ನಾನೇ ಇರಬೇಕು. ಅದು ಮಾತ್ರ ಇವತ್ತಿಗೂ ನೆನಪಾಗುತ್ತಿಲ್ಲ.

ಮಗ ಟಾರ್ಚನ್ನು ನೇರ ನನ್ನ ಮುಖಕ್ಕೆ ಹಿಡಿದಿದ್ದ. ಈ ಸಲ ಸರಿಯಾದ ಕಡೆಗೇ ಹಿಡಿದಿದ್ದ ಅನ್ನಬಹುದು.

ಉಳಿದದ್ದು ಬೇಗ ಆಯಿತು. ಮೈಸೂರಿನ ಬೋಲ್ಟಿಗೆ ಮೈತುಂಬ ಗ್ರೀಸ್ ಹಚ್ಚಿ ತಳ್ಳಿದೆ, ಬೆರಳಲ್ಲೇ ಹೋಯಿತು. ಗಾಡಿ ಎತ್ತಿರುವಾಗಲೇ ಪೂರ್ತಿ ಬಿಗಿ ಮಾಡಬಾರದು, ಚಕ್ರ ನೆಲಕ್ಕೆ ಇಳಿದು ಭಾರ ಬಿದ್ದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಹೊಸ ರಬ್ಬರು ಮೊದಲ ದಿನದಿಂದಲೇ ತಿರುಚಿಕೊಂಡು ಕೂತು ಬೇಗ ಹರಿಯುತ್ತದೆ. ಹಾಗೇ ಮಾಡಿದೆ. ಸೆಪ್ಟೆಂಬರಿನಲ್ಲಿ ಮಡಿಕೇರಿಗೆ ಹೋದೆ. ನಂಬರ್ ಪ್ಲೇಟಿನ ದೀಪ ಅಲ್ಲೇ ಕೈಕೊಟ್ಟಿತು, ಇಲಿ ವೈರ್ ಕಡಿದಿತ್ತು. ಪಕ್ಕದ ಪಿಕಪ್ಪಿನ ಡ್ರೈವರ್ ಹತ್ತಿರ ಒಂದು ಮೊಳ ವೈರ್ ಕೇಳಿ ಪಡೆದು ಸುತ್ತಿ, ಟೇಪು ಹಾಕಿದೆ. ಇನ್‌ಸ್ಪೆಕ್ಟರು ಲೈಟು, ಹಾರ್ನು, ಬ್ರೇಕು ನೋಡಿದರು, ಚಾಸಿ ನಂಬರು ತಾಳೆ ಮಾಡಿದರು. 2029ರ ತನಕ ಆಯಿತು. ಆ ವೈರಿನ ಬಣ್ಣ ಹಳದಿ. ಕಂಪನಿಯದ್ದು ಬೇರೆ ಬಣ್ಣ. ಸರಿಮಾಡಬೇಕು.

ಗೇಟಿಗೆಂದು ಕುಶಾಲನಗರದಿಂದ ಹೊಸ ಬೋಲ್ಟು ತಂದು ಹಾಕಲು ಹೋದೆ. ಆರು ವರ್ಷ ವೈರು ಉಜ್ಜಿ ಉಜ್ಜಿ ತಿರುಗಣೆಯ ತೂತು ಮೊಟ್ಟೆಯಾಕಾರವಾಗಿದೆ, ಬೋಲ್ಟು ಒಳಗೆ ಗಡಗಡ ಅನ್ನುತ್ತದೆ. ಗೇಟು ಕಳಚಿ ಸುಂಟಿಕೊಪ್ಪಕ್ಕೆ ಒಯ್ದು ವೆಲ್ಡಿಂಗ್ ತುಂಬಿಸಿ ಹೊಸದಾಗಿ ತೂತು ಹೊಡೆಸಬೇಕು. ಸದ್ಯಕ್ಕೆ ಮತ್ತೆ ವೈರ್ ಸುತ್ತಿದ್ದೇನೆ.